15ನೇ ಕಲಂ ಓದಿದ ಮೇಲೆ, ಹಾಲ್ ಒರೆಸುವವರ ಸಂಬಳದ ಬಗ್ಗೆ ಕೇಳಿದ್ದು ತಪ್ಪಾ?

ಹೊಸ ಸದಸ್ಯೆ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಸೆಕ್ಯುಲರ್ ಫ್ರಾನ್ಸಿಸ್ಕನ್ ಸಭೆಗೆ, ಅಂದರೆ ಮನೆ ಕೆಲಸ ಬಿಡದೆ ಸಂತ ಫ್ರಾನ್ಸಿಸರ ದಾರಿಯಲ್ಲಿ ನಡೆಯುವ ಕಥೋಲಿಕರ ಗುಂಪಿಗೆ, ಬರಲು ಶುರುಮಾಡಿ ಎಂಟು ತಿಂಗಳಾಯಿತು. ಇನ್ನೂ ತರಬೇತಿಯಲ್ಲಿದ್ದೇನೆ, ಸಭೆಯ ನಿಯಮದಂತೆ ಬದುಕುತ್ತೇನೆ ಅಂತ ಪೀಠದ ಮುಂದೆ ಮಾತು ಕೊಟ್ಟಿಲ್ಲ. ತಿಂಗಳಿಗೊಮ್ಮೆ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚ್ ಹಾಲ್‌ನಲ್ಲಿ ಸೇರುತ್ತೇವೆ. ಜಪಸರ, ಶುಭಸಂದೇಶ, ಸಭೆಯ ನಿಯಮದ ಒಂದು ಕಲಂ, ಆಮೇಲೆ ಕಾಫಿ.

ಎರಡು ತಿಂಗಳ ಹಿಂದೆ 15ನೇ ಕಲಂ ಬಂತು. ಒಬ್ಬೊಬ್ಬರಾಗಿಯೂ ಒಟ್ಟಾಗಿಯೂ ನ್ಯಾಯಕ್ಕಾಗಿ ಮುಂದೆ ನಿಲ್ಲಬೇಕು, ಧೈರ್ಯದ ಕೆಲಸಕ್ಕೆ ಕೈ ಹಾಕಬೇಕು ಅನ್ನುತ್ತದೆ ಅದು. ನಾವು ಅದನ್ನು ಓದುತ್ತಿದ್ದಾಗ ಹಾಲ್ ಒರೆಸುವ ಅಕ್ಕ ಬಾಗಿಲಾಚೆ ಮೆಟ್ಟಿಲ ಮೇಲೆ ಬಕೆಟ್ ಪಕ್ಕಕ್ಕಿಟ್ಟುಕೊಂಡು ಕೂತಿದ್ದರು. ನಾವು ಎದ್ದ ಮೇಲೇ ಅವರ ಕೆಲಸ ಶುರು. ಉಳಿದ ಬನ್ನು, ಬಾಳೆಹಣ್ಣು ಕವರಿಗೆ ಹಾಕಿ ಕೊಟ್ಟೆವು. ಅವತ್ತು ಸುಮ್ನೆ ಕೇಳಿದೆ, ನಿಮಗೆ ವಾರದ ರಜೆ ಯಾವತ್ತು ಅಂತ. "ರಜೆ ಹಾಕಿದ್ರೆ ಸಂಬಳ ಹಿಡೀತಾರೆ ಮೇಡಂ" ಅಂದರು. ಇಡೀ ದಿನ ಆ ಮಾತು ತಲೆಯಿಂದ ಹೋಗಲಿಲ್ಲ.

ಮುಂದಿನ ಸಲ ಸೇರಿದಾಗ ಇದನ್ನು ಎತ್ತಿದೆ. ಹಿರಿಯರೊಬ್ಬರು "ಅದು ಆಡಳಿತದ ವಿಷಯ ಮಗಳೇ, ನಾವು ಸೇರೋದು ಪ್ರಾರ್ಥನೆಗೆ" ಅಂದರು. ಪ್ರೀತಿಯಿಂದಲೇ ಹೇಳಿದರು. ಆದರೆ ನ್ಯಾಯ, ದುಡಿಮೆ, ಬಡವರ ಬಗ್ಗೆ ಧರ್ಮಸಭೆ ಹೇಳುವ ಸಾಮಾಜಿಕ ಬೋಧನೆ ನಮಗೆ ಓದಿ ಮುಚ್ಚಿಡುವ ಪಾಠವಾ, ಅಥವಾ ಕೊಟ್ಟ ಮಾತಿನೊಳಗೇ ಬರುತ್ತದಾ? ನಿಮ್ಮ ಕಡೆ ಏನು ಮಾಡುತ್ತೀರಿ?

ಹಳೇ ಸದಸ್ಯೆ

ಮಾತಿನೊಳಗೇ ಬರುತ್ತದೆ ತಂಗಿ, ಅನುಮಾನವೇ ಬೇಡ. 1978ರಲ್ಲಿ ಆರನೇ ಪೌಲ್ ಜಗದ್ಗುರುಗಳು (ಪೋಪ್) ಒಪ್ಪಿದ ನಿಯಮದಲ್ಲಿ ಇರುವುದೇ 26 ಕಲಂ. ಅದರಲ್ಲಿ ನ್ಯಾಯ, ದುಡಿಮೆ, ಕುಟುಂಬ, ಸೃಷ್ಟಿ ಅಂತ 15ರಿಂದ 18ರವರೆಗೆ ಸಾಲಾಗಿ ಇಟ್ಟಿದ್ದಾರೆ. ಇಷ್ಟು ಚಿಕ್ಕ ನಿಯಮದಲ್ಲಿ ಇವಕ್ಕೆಲ್ಲ ಜಾಗ ಕೊಟ್ಟಿದ್ದು ಸುಮ್ಮನೆ ಅಲ್ಲ, ಅಲ್ವಾ?

ಇದು ಹೊಸದೂ ಅಲ್ಲ. 1221ರಷ್ಟು ಹಿಂದೆ, ಸಂತ ಫ್ರಾನ್ಸಿಸ್ ಇನ್ನೂ ಬದುಕಿದ್ದಾಗಲೇ, ಇಟಲಿಯ ಈ ಶ್ರೀಸಾಮಾನ್ಯರಿಗೆ ಒಂದು ನಿಯಮ ಇತ್ತು. ಆಯುಧ ಹಿಡಿಯಬಾರದು, ಸುಮ್ಮಸುಮ್ಮನೆ ಪ್ರಮಾಣ ಮಾಡಬಾರದು ಅಂತ. ಒಡೆಯರಿಗೆ ಪ್ರಮಾಣ ಮಾಡಿ ಅವರ ಯುದ್ಧಕ್ಕೆ ಹೋಗುವುದೇ ಬದುಕಾಗಿದ್ದ ಕಾಲ ಅದು. ಮನೆ, ಮಕ್ಕಳು, ಅಂಗಡಿ ಇದ್ದ ಜನ ಒಲ್ಲೆ ಅಂದರು. ಅವರೂ ಪ್ರಾರ್ಥನೆಗೇ ಸೇರುತ್ತಿದ್ದವರು!

1891ರ ಮೇ 15ರಂದು ಕಾರ್ಮಿಕರ ಬಗ್ಗೆ 'ರೇರುಮ್ ನೊವಾರುಮ್' ಅನ್ನುವ ಪತ್ರ ಬರೆದ ಹದಿಮೂರನೇ ಲಿಯೋ ಜಗದ್ಗುರುಗಳು ಕೂಡ ನಮ್ಮ ಈ ಸಭೆಯವರೇ. ಆಗ ಇದನ್ನು ಮೂರನೇ ಸಭೆ ಅನ್ನುತ್ತಿದ್ದರು. ಕೆಲಸ ಕೊಡುವವನೂ ಮಾಡುವವನೂ ಒಪ್ಪಿಕೊಂಡರು ಅಂದಮಾತ್ರಕ್ಕೆ ಕೂಲಿ ನ್ಯಾಯವಾಗಲ್ಲ, ಮಿತವಾಗಿ ಬದುಕುವವನಿಗೆ ಅದು ಸಾಲಬೇಕು ಅಂತ ಅವರು ಬರೆದಿದ್ದಾರೆ. ನಿಮ್ಮ ಅಕ್ಕನ ವಿಷಯಕ್ಕೆ ಇದಕ್ಕಿಂತ ಹತ್ತಿರದ ಮಾತು ಇನ್ಯಾವುದು?

ನಾವು ಮಾಡಿದ್ದು ಹೇಳುತ್ತೇನೆ. ಒಂದು ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ನಮ್ಮ ನಮ್ಮ ಮನೆಯಿಂದಲೇ ಶುರುಮಾಡಿದೆವು. ಮನೆಕೆಲಸದವರಿಗೆ ಎಷ್ಟು ಕೊಡುತ್ತೇವೆ, ಸಂಬಳದ ರಜೆ ಎಷ್ಟು ದಿನ, ಕೊನೆಗೆ ಜಾಸ್ತಿ ಮಾಡಿದ್ದು ಯಾವಾಗ. ಚೀಟಿಯಲ್ಲಿ ಹೆಸರಿಲ್ಲದೆ ಬರೆದು ಓದಿದೆವು. ಆ ಸಂಜೆ ಕಾಫಿ ಯಾರಿಗೂ ಇಳಿಯಲಿಲ್ಲ. ನಾನೇ ನಾಲ್ಕು ವರ್ಷದಿಂದ ಒಂದು ರೂಪಾಯಿ ಹೆಚ್ಚು ಮಾಡಿರಲಿಲ್ಲ.

ಮಲೆನಾಡಿನವ

ನಾನು ಕಾಫಿ ತೋಟದಲ್ಲಿ ರೈಟರ್ ಆಗಿದ್ದವನು. ಹಾಜರಿ ಪುಸ್ತಕ ನನ್ನ ಕೈಯಲ್ಲೇ ಇತ್ತು. ಮಳೆಗಾಲದಲ್ಲಿ ಆಳುಗಳ ಲೈನ್ ಮನೆ ಸೋರುತ್ತಿದ್ದಾಗ ನಮ್ಮ ಗುಂಪಿನವರು ಸೇರಿ ಹತ್ತು ಕಂಬಳಿ ಕೊಟ್ಟೆವು. ಒಬ್ಬಳು ಅಜ್ಜಿ ಕಂಬಳಿ ತಗೊಂಡು, ತಲೆಯೆತ್ತಿ ಹೆಂಚು ನೋಡಿ, "ಇದೂ ನೆನೀತದಲ್ಲ ಸ್ವಾಮಿ" ಅಂದಳು. ತೋಟದ ಆಳುಗಳಿಗೆ ಸರಿಯಾದ ಮನೆ ಕೊಡಬೇಕು ಅಂತ 1951ರಿಂದಲೇ ಕಾನೂನು ಇತ್ತು, ಅದು ನನಗೆ ಗೊತ್ತೂ ಇತ್ತು. ಆದರೂ ಧಣಿಗಳ ಹತ್ತಿರ ಬಾಯಿ ಬಿಟ್ಟಿರಲಿಲ್ಲ. ಆ ಮಾತು ಕೇಳಿದ ಮೇಲೆ ಹೋಗಿ ಕೇಳಿದೆ. ಎರಡು ಸಲ ಬೈಸಿಕೊಂಡೆ, ಮೂರನೇ ಸಲಕ್ಕೆ ಹೆಂಚು ಬದಲಾಯಿತು. ಕಂಬಳಿ ಕೊಟ್ಟಿದ್ದು ತಪ್ಪು ಅಂತ ಹೇಳುತ್ತಿಲ್ಲ, ಅವತ್ತಿನ ಚಳಿಗೆ ಅದು ಬೇಕೇ ಬೇಕಿತ್ತು.

ವಿನ್ಸೆಂಟ್ ದೆ ಪಾಲ್ ಸಭೆಯವನು, ಮಂಗಳೂರು

ನಿಮ್ಮ ಸಭೆ ಬೇರೆ, ನಮ್ಮದು ಬೇರೆ. ಆದರೂ ಈ ಚರ್ಚೆ ನಮ್ಮಲ್ಲೂ ಇದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ನಮ್ಮ ಸಭೆಯನ್ನು ಶುರುಮಾಡಿದಾಗ ಫ್ರೆಡೆರಿಕ್ ಓಜನಾಂಗೆ ಬರೀ 20 ವರ್ಷ. ಗೆಳೆಯರ ಜೊತೆ ಬಡವರ ಮನೆಗೇ ಹೋಗುತ್ತಿದ್ದರು, ಸೌದೆ ರೊಟ್ಟಿ ಹಿಡಿದುಕೊಂಡು. ಆದರೆ ಕಾನೂನು ಕಲಿಸುವ ಪ್ರಾಧ್ಯಾಪಕರಾದ ಮೇಲೆ ಅವರು ನ್ಯಾಯವಾದ ಕೂಲಿಯ ಬಗ್ಗೆ ಪಾಠವನ್ನೂ ಹೇಳಿದರು. ಎರಡೂ ಒಂದೇ ಮನುಷ್ಯ ಮಾಡಿದ ಕೆಲಸ. ನಾವು ಈಗಲೂ ಇಬ್ಬರಿಬ್ಬರಾಗಿ ಮನೆಗೆ ಹೋಗುತ್ತೇವೆ. ಅಕ್ಕಿ ಕೊಡುವುದು ಐದು ನಿಮಿಷ. ರೇಷನ್ ಕಾರ್ಡ್ ಯಾಕೆ ಆಗಿಲ್ಲ, ವಿಧವಾ ಪಿಂಚಣಿ ಎಲ್ಲಿ ನಿಂತಿದೆ, ಅದಕ್ಕೆ ತಾಲೂಕು ಕಚೇರಿಗೆ ಜೊತೆಯಲ್ಲಿ ಅಲೆಯುವುದೇ ಜಾಸ್ತಿ.

ಇನ್ನೊಬ್ಬ ಓದುಗ

ಒಂದು ಎಚ್ಚರಿಕೆ ಹೇಳಲಾ? ಆ ಅಕ್ಕನನ್ನು ಕೇಳದೆ ಅವರ ಹೆಸರಲ್ಲಿ ಜಗಳಕ್ಕೆ ಹೋಗಬೇಡಿ. ನಮಗೆ ಭಾನುವಾರದ ಒಂದು ಚರ್ಚೆ, ಅವರಿಗೆ ಅದು ಅನ್ನ. ಕೆಲಸ ಹೋದರೆ ಹೋಗುವುದು ಅವರದ್ದು. ಆ ಹಿರಿಯರನ್ನೂ ದೂರ ಇಡಬೇಡಿ. ಪ್ರಾರ್ಥನೆ ಬಿಟ್ಟು ಬರೀ ಹೋರಾಟಕ್ಕಿಳಿದ ಗುಂಪುಗಳು ಒಡೆದಿದ್ದನ್ನು ಅವರು ಕಂಡಿರಬಹುದು.

ಹೊಸ ಸದಸ್ಯೆ, ಬೆಂಗಳೂರು

ಎಲ್ಲರಿಗೂ ಥ್ಯಾಂಕ್ಸ್. ಕೊನೆಯವರ ಮಾತು ಕೇಳಿ ಮೊದಲು ಅಕ್ಕನ ಹತ್ತಿರವೇ ಹೋದೆ. ಅದೇ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತೆವು. ಅವರು ಕೇಳಿದ್ದು ಎರಡೇ. ತಿಂಗಳಿಗೆ ಎರಡು ಭಾನುವಾರ ಸಂಬಳದ ಜೊತೆ ರಜೆ, ಹಾಸ್ಟೆಲಿನಲ್ಲಿರುವ ಮಗಳನ್ನು ನೋಡಿ ಬರೋದಕ್ಕೆ. ಇನ್ನೊಂದು, ಸಂಬಳ ಬ್ಯಾಂಕಿಗೇ ಬರಬೇಕು. "ನನ್ನ ಹೆಸರು ಹೇಳ್ಬೇಡಿ, ಕೆಲಸ ಮಾಡೋ ಎಲ್ಲರಿಗೂ ಅಂತ ಕೇಳಿ" ಅಂದರು.

ಆ ಹಿರಿಯರ ಮನೆಗೂ ಹೋಗಿದ್ದೆ. 15ನೇ ಕಲಂ ಇನ್ನೊಂದು ಸಲ ಜೋರಾಗಿ ಓದಿ ಅಂದರು, ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಫಾದರ್ ಹತ್ತಿರ ಹೋಗುವಾಗ ನಾನೂ ಬರ್ತೀನಿ ಅಂದರು. ಬುಧವಾರ ಸಂಜೆ ಹೋಗುತ್ತಿದ್ದೇವೆ. ಅಷ್ಟರೊಳಗೆ ಹಳೇ ಸದಸ್ಯೆ ಅಕ್ಕ, ಆ ಚೀಟಿಯಲ್ಲಿ ಏನೇನು ಪ್ರಶ್ನೆ ಇತ್ತು ಅಂತ ಪೂರ್ತಿ ಬರೆದು ಹಾಕುತ್ತೀರಾ?