ಅಪ್‌ಡೇಟ್: ಆರ್‌ಡಿಎಸ್ ಬ್ಯಾಕಪ್‌ನಿಂದ ಒಂದೇ ಟೇಬಲ್ ಮರಳಿ ಪಡೆಯುವ ಕುರಿತು

ಅಮೆಜಾನಿನ ಕ್ಲೌಡ್ ಡೇಟಾಬೇಸ್ ಸೇವೆಯಾದ ಆರ್‌ಡಿಎಸ್‌ನಲ್ಲಿರುವ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಒಂದೇ ಟೇಬಲನ್ನು ಹಿಂದಿನ ಸ್ಥಿತಿಗೆ ತರಬಹುದೇ, ಬಹು-ವಲಯ ವ್ಯವಸ್ಥೆಯ ಸ್ಟ್ಯಾಂಡ್‌ಬೈ ಪ್ರತಿಯನ್ನು (ಮುಖ್ಯ ಡೇಟಾಬೇಸ್ ಕೈಕೊಟ್ಟರೆ ಬಳಸಲು ಬೇರೊಂದು ವಲಯದಲ್ಲಿ ಸಿದ್ಧವಿರುವ ನಕಲು) ವರದಿಗಳಿಗೆ ಬಳಸಬಹುದೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದಗಳು, ಟೇಬಲಿನ ಕೆಲಸ ಮುಗಿದಿದೆ.

ನೀವು ತಿಳಿಸಿದಂತೆ, ನಿರ್ದಿಷ್ಟ ಸಮಯಕ್ಕೆ ರಿಸ್ಟೋರ್ ಮಾಡಿದಾಗ ಚಾಲನೆಯಲ್ಲಿರುವ ಇನ್‌ಸ್ಟೆನ್ಸ್ (ಡೇಟಾಬೇಸ್ ಸರ್ವರ್) ಹಾಗೆಯೇ ಉಳಿದು, ಬೇರೆ ಎಂಡ್‌ಪಾಯಿಂಟ್ (ಸಂಪರ್ಕ ವಿಳಾಸ) ಇರುವ ಹೊಸ ಇನ್‌ಸ್ಟೆನ್ಸ್ ಸೃಷ್ಟಿಯಾಗುತ್ತದೆ. ಅಲ್ಲಿ ಟೇಬಲಿನ ಹೆಸರು ಬದಲಿಸಿ, ಅದೊಂದನ್ನೇ ಡಂಪ್ ಮಾಡಿ (ಫೈಲಿಗೆ ಇಳಿಸಿ) ಮೂಲ ಡೇಟಾಬೇಸಿಗೆ ತಂದು, ಎರಡನ್ನೂ ಹೋಲಿಸಿ, ಕಾಣೆಯಾಗಿದ್ದ ಸಾಲುಗಳನ್ನಷ್ಟೇ ಸೇರಿಸಿದೆ.

ಯಾರೂ ಪ್ರಸ್ತಾಪಿಸದ ಎರಡು ಸಂಗತಿಗಳಿವೆ. ನಾವೇ ಆರಿಸದಿದ್ದರೆ ಹೊಸ ಇನ್‌ಸ್ಟೆನ್ಸಿಗೆ ಡಿಫಾಲ್ಟ್ ಸೆಕ್ಯುರಿಟಿ ಗ್ರೂಪ್ (ಎಲ್ಲಿಂದ ಸಂಪರ್ಕಿಸಬಹುದು ಎಂಬ ನಿಯಮಗಳ ಗುಂಪು) ಅನ್ವಯವಾಗುವುದರಿಂದ, ಸ್ಥಿತಿ ‘ಅವೈಲಬಲ್’ ಎಂದಿದ್ದರೂ ಸಂಪರ್ಕ ಸಿಗದೆ ಟೈಮ್‌ಔಟ್ ಆಗಬಹುದು. ಅಲ್ಲದೆ ದತ್ತಾಂಶವು ಹಿನ್ನೆಲೆಯಲ್ಲಿ ನಿಧಾನವಾಗಿ ತುಂಬಿಕೊಳ್ಳುವುದರಿಂದ ಮೊದಲ ಕ್ವೆರಿಗಳು ತೆವಳುತ್ತವೆ. ಅದನ್ನು ಕಂಡು ದೊಡ್ಡ ಗಾತ್ರದ ಇನ್‌ಸ್ಟೆನ್ಸ್ ಆರಿಸುವುದು ನನ್ನ ಮಟ್ಟಿಗೆ ದುಂದು.

ಸ್ಟ್ಯಾಂಡ್‌ಬೈ ಒಂದೇ ಇರುವ ವ್ಯವಸ್ಥೆಯಲ್ಲಿ ಅದನ್ನು ಓದಲಾಗದು. ವರದಿಗಳಿಗೆ ರೀಡ್ ರೆಪ್ಲಿಕಾ (ಓದಲೆಂದೇ ಇರುವ ಪ್ರತಿ) ಬೇಕು. ಸ್ವಯಂಚಾಲಿತ ಬ್ಯಾಕಪ್ ಗರಿಷ್ಠ 35 ದಿನ ಮಾತ್ರ ಉಳಿಯುವುದರಿಂದ, ತಿಂಗಳ ಕೊನೆಯ ಪ್ರತಿಗಳಿಗಾಗಿ ಮ್ಯಾನುಯಲ್ ಸ್ನ್ಯಾಪ್‌ಶಾಟ್ ತೆಗೆಯಲು ಆರಂಭಿಸಿದ್ದೇನೆ. ತಾತ್ಕಾಲಿಕ ಇನ್‌ಸ್ಟೆನ್ಸನ್ನು ಅಳಿಸಿಯಾಗಿದೆ.