ಒಂದೇ ಹಗಲಲ್ಲಿ ತರಂಗಂಬಾಡಿ: ಅಮ್ಮನ ಜೊತೆ ನಿಧಾನಕ್ಕೆ ನೋಡೋಕಾಗುತ್ತಾ?

ಪ್ರಶ್ನೆ:
ಮೆಜೆಸ್ಟಿಕ್‌ನಲ್ಲಿ ಸಂಜೆ ಮೈಲಾಡುತುರೈ ಕಡೆ ಹೋಗೋ ರೈಲು ಹತ್ತಿ, ಒಂದು ಹಗಲು ತಮಿಳುನಾಡು ಕರಾವಳಿಯ ತರಂಗಂಬಾಡಿಯಲ್ಲಿದ್ದು, ಅದೇ ದಿನ ರಾತ್ರಿ ರೈಲಿಗೆ ವಾಪಸ್ ಬರೋ ಯೋಚನೆ. ಜೊತೆಗೆ ಅಮ್ಮ, 68 ವರ್ಷ, ಮಂಡಿನೋವು. ಊರಿನ ಸುತ್ತ ಕೋಟೆಗೋಡೆ ಮೇಲೆ ನಡೆಯಬಹುದಾ? ಡಿಸೆಂಬರ್ ಮೊದಲ ವಾರ ಸರಿಯಾ?

ಉತ್ತರ 1:
ಡಿಸೆಂಬರ್ ಮೊದಲ ವಾರ ಬೇಡ. ಆ ಕರಾವಳಿಗೆ ದೊಡ್ಡ ಮಳೆ ಬರೋದೇ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಹಿಂಗಾರಿನಲ್ಲಿ. ಜನವರಿ, ಫೆಬ್ರವರಿ ಚೆಂದ. ಶುಕ್ರವಾರವನ್ನೂ ಬಿಡಿ, ಕೋಟೆಯ ಮ್ಯೂಸಿಯಂಗೆ ಅವತ್ತು ರಜೆ.

ಊರ ಸುತ್ತಣ ಗೋಡೆ ಈಗ ಬಹುಪಾಲು ಇಲ್ಲ. ಅದರ ಮೇಲೆ ನಡೆಯೋ ಆಸೆ ಇಟ್ಟುಕೊಂಡು ಹೋದರೆ ನಿರಾಸೆಯೇ. ಉಳಿದಿರೋದು 1792ರ ಬಿಳಿ ಹೆಬ್ಬಾಗಿಲು ಮತ್ತು ಸಮುದ್ರದ ದಂಡೆಯ ಡ್ಯಾನ್ಸ್‌ಬೋರ್ಗ್ ಕೋಟೆ. ತಂಜಾವೂರಿನ ರಘುನಾಥ ನಾಯಕರ ಒಪ್ಪಿಗೆ ಪಡೆದು ಡೆನ್ಮಾರ್ಕಿನವರು 1620ರಲ್ಲಿ ಇಲ್ಲಿ ನೆಲೆಯೂರಿದರು. 1845ರಲ್ಲಿ ಬ್ರಿಟಿಷರಿಗೆ ಮಾರಿ ಹೋದರು.

ಮೈಲಾಡುತುರೈ ಸ್ಟೇಷನ್ನಿಂದ ಬಸ್ ಸ್ಟ್ಯಾಂಡಿಗೆ ಆಟೋ, ಅಲ್ಲಿಂದ ತರಂಗಂಬಾಡಿ ಮೇಲೆ ಹೋಗೋ ಪೊರೆಯಾರ್ ಬಸ್. ಸುಮಾರು 30 ಕಿ.ಮೀ., ಒಂದು ಗಂಟೆ ಹಿಡಿಯುತ್ತೆ. ತಿಂಡಿ ಮೈಲಾಡುತುರೈಯಲ್ಲೇ ಮುಗಿಸಿ, ತರಂಗಂಬಾಡಿಯೊಳಗೆ ಹೋಟೆಲು ಕಡಿಮೆ.

ಉತ್ತರ 2:
ಮಂಡಿನೋವು ಇದ್ದರೆ ಕ್ರಮ ಹೀಗಿರಲಿ: ಹೆಬ್ಬಾಗಿಲ ಹತ್ತಿರ ಇಳಿದು ಕಿಂಗ್ ಸ್ಟ್ರೀಟ್‌ನಲ್ಲಿ ಸಮುದ್ರದ ಕಡೆ ನಡೆಯಿರಿ. ಸಮತಟ್ಟು ದಾರಿ, ಅವಸರವಿಲ್ಲದೆ ಕಾಲು ಗಂಟೆ. ದಾರಿಯಲ್ಲೇ 1701ರ ಜಿಯಾನ್ ಚರ್ಚ್, 1718ರ ನ್ಯೂ ಜೆರುಸಲೆಮ್ ಚರ್ಚ್ ಎರಡೂ ಸಿಗುತ್ತವೆ. ಎರಡನೆಯದರ ಮುಂಗೋಡೆಯನ್ನು ತಲೆಯೆತ್ತಿ ನೋಡಿ: ಕಿರೀಟ, ಅದರಡಿ ಡೆನ್ಮಾರ್ಕಿನ ದೊರೆ ನಾಲ್ಕನೇ ಫ್ರೆಡರಿಕ್‌ನ ಹೆಸರಿನ ಹೆಣೆದ ಅಕ್ಷರ. ತಮಿಳಿನಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದ ಜರ್ಮನ್ ಪಾದ್ರಿ ಜೀಗನ್‌ಬಾಲ್ಗ್ ಸಮಾಧಿ ಅದರೊಳಗೇ ಇದೆ.

ಕೋಟೆಯ ಕೆಳಭಾಗದಲ್ಲಿ ಉಗ್ರಾಣ, ಸೆರೆಮನೆ, ಸೈನಿಕರ ಕೋಣೆಗಳು. ಮೇಲಿನ ಅಂತಸ್ತು ನೋಡಬೇಕೆಂದರೆ ಹತ್ತಲೇಬೇಕು. ಅಮ್ಮನಿಗೆ ಆಗದಿದ್ದರೆ ಒತ್ತಾಯ ಬೇಡ, ಅಂಗಳದ ನೆರಳಲ್ಲಿ ಕೂತರೂ ಗಾಳಿ ಸೊಗಸಾಗಿರುತ್ತೆ. ಹನ್ನೊಂದರೊಳಗೆ ಕೋಟೆ ಮುಗಿಸಿ, ಆಮೇಲೆ ಬಿಸಿಲಿಗೆ ಇಟ್ಟಿಗೆ ಕಾದು ಕೂರೋಕಾಗಲ್ಲ.

ಪ್ರಶ್ನೆ ಕೇಳಿದವರು:
ಮಾಸಿಲಾಮಣಿ ದೇವಸ್ಥಾನ ಅಮ್ಮ ನೋಡಲೇಬೇಕಂತೆ. ಅಲ್ಲಿಗೆ ನಡೆಯಬಹುದಾ?

ಉತ್ತರ 2:
ಕೋಟೆಯಿಂದ ಉತ್ತರಕ್ಕೆ, ದಂಡೆಯಲ್ಲೇ ಇದೆ. 1306ರ ಗುಡಿ, ಮುಂಭಾಗವನ್ನು ಸಮುದ್ರ ತಿಂದುಹಾಕಿದೆ. ದಂಡೆಗೆ ಪೇರಿಸಿದ ಬಂಡೆಗಳ ಮೇಲೆ ಮಾತ್ರ ಕಾಲಿಡಬೇಡಿ. ಪಾಚಿ ಕಣ್ಣಿಗೆ ಕಾಣಲ್ಲ, ಜಾರುತ್ತೆ.

ಉತ್ತರ 3:
ಹಳೇ ಮನೆಗಳ ಗೋಡೆಯನ್ನೂ ಗಮನಿಸಿ. ಸುಣ್ಣದ ಗಾರೆ ಮೇಲೆ ಸಿಮೆಂಟು ಬಳಿದ ಕಡೆ ಹಪ್ಪಳದ ಹಾಗೆ ಎದ್ದಿರುತ್ತೆ. ಸುಣ್ಣವಾದರೆ ಗೋಡೆಯ ತೇವ ಹೊರಗೆ ಆರುತ್ತೆ. ಸಿಮೆಂಟು ತಡೆದರೆ ಒಳಗೇ ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನೇ ಪುಡಿ ಮಾಡುತ್ತೆ.

ವಾಪಸ್ ರೈಲೂ ಸಂಜೆಯೇ. ಮೂರು ಗಂಟೆಗೆ ಬಸ್ ಸ್ಟಾಪಿನಲ್ಲಿರಿ. ಪೂರ್ವ ಕರಾವಳಿಯಲ್ಲಿ ಸೂರ್ಯ ಹುಟ್ಟೋದು ಕಡಲಲ್ಲಿ, ಮುಳುಗೋದು ಊರ ಹಿಂದೆ. ಸೂರ್ಯಾಸ್ತಕ್ಕೆ ಅಂತ ಕಾದು ರೈಲು ತಪ್ಪಿಸಿಕೊಳ್ಳಬೇಡಿ.