‘ನೆಬೊ’ ಪದದಲ್ಲಿ ಕಾಣೆಯಾದ ಸಕಾರ

ಪ್ರಶ್ನೆ (ಸೇಡಂನಿಂದ):
ರಷ್ಯನ್ ಕಲಿಯುತ್ತಿರುವ ನನಗೆ ಒಂದು ಪದ ಬಿಡಿಸಲಾಗದ ಗಂಟಾಗಿದೆ. ಆಕಾಶಕ್ಕೆ ಅಲ್ಲಿ ‘ನೆಬೊ’ ಎಂದು ಬರೆಯುತ್ತಾರೆ. ಬಹುವಚನ ಮಾತ್ರ ‘ನೆಬೆಸಾ’. ಮೂಲ ಸ್ಲಾವಿಕ್ (ರಷ್ಯನ್ ಮತ್ತು ಅದರ ಸೋದರ ಭಾಷೆಗಳ ಪೂರ್ವಜ ಭಾಷೆ) ರೂಪವನ್ನು ನಕ್ಷತ್ರ ಚಿಹ್ನೆಯೊಂದಿಗೆ (ಬರಹದಲ್ಲಿ ಸಿಗದೆ, ಊಹಿಸಿ ಕಟ್ಟಿದ ರೂಪವೆಂಬ ಗುರುತು) *ನೆಬೊ ಎಂದೂ, ಷಷ್ಠಿಯನ್ನು *ನೆಬೆಸೆ ಎಂದೂ ಕೊಡುತ್ತಾರೆ. ಪ್ರಥಮೆಯಲ್ಲಿ ಇಲ್ಲದ ಸಕಾರ ಎಲ್ಲಿಂದ ಬಂತು? ನಮ್ಮ ‘ನಭ’ಕ್ಕೂ ಇದಕ್ಕೂ ನಂಟಿದೆಯೇ?

ಉತ್ತರ 1 (ಕಲಬುರಗಿಯಿಂದ):
ನಂಟು ಖಂಡಿತ ಇದೆ. ಸಕಾರ ಎಲ್ಲಿಂದಲೋ ಬಂದದ್ದಲ್ಲ. ಮೊದಲಿನಿಂದಲೂ ಇದ್ದು, ಪ್ರಥಮೆಯಲ್ಲಿ ಮಾತ್ರ ಕಳೆದುಹೋಯಿತು. ಇಂಡೋ-ಯುರೋಪಿಯನ್ ಮೂಲದ *ನೆಭೊಸ್ ಎಂಬ ನಪುಂಸಕ ಪದವೇ ಸಂಸ್ಕೃತದಲ್ಲಿ ‘ನಭಸ್’, ಗ್ರೀಕಿನಲ್ಲಿ ‘ನೆಫೊಸ್’, ಈಗಿನ ಟರ್ಕಿಯಲ್ಲಿದ್ದ ಪ್ರಾಚೀನ ಹಿಟ್ಟೈಟ್ ಭಾಷೆಯಲ್ಲಿ ‘ನೇಪಿಸ್’ ಆಗಿದೆ. ಮೂಲ ಸ್ಲಾವಿಕ್ಕಿನಲ್ಲಿ ಪದಾಂತ್ಯದ ವ್ಯಂಜನಗಳು ಕಳಚಿಬಿದ್ದುದರಿಂದ ಪ್ರಥಮೆ *ನೆಬೊ ಎಂದು ಉಳಿಯಿತು. ಷಷ್ಠಿಯಲ್ಲಿ ಸಕಾರದ ಮುಂದೆ ಸ್ವರವಿದ್ದುದರಿಂದ ಅದು ಬದುಕಿಕೊಂಡಿತು. *ಸ್ಲೊವೊ (ಮಾತು), *ಸ್ಲೊವೆಸೆ; *ಕೊಲೊ (ಗಾಲಿ), *ಕೊಲೆಸೆ, ಇವೂ ಇದೇ ಗುಂಪಿನವು. ಮುಂದೆ ರಷ್ಯನ್ನರು ನೆಬೊವನ್ನು ಓಕಾರಾಂತ ನಪುಂಸಕಗಳ ಸಾಲಿಗೆ ಸೇರಿಸಿ ಏಕವಚನದ ಷಷ್ಠಿಯನ್ನು ‘ನೆಬಾ’ ಮಾಡಿಕೊಂಡರು. ಹಳೆಯ ಸಕಾರ ಬಹುವಚನದಲ್ಲಿ ನಿಂತಿತು.

ಕನ್ನಡದ ಕಿವಿಗೂ ಪದಾಂತ್ಯದ ವ್ಯಂಜನ ಒಗ್ಗುವುದಿಲ್ಲ. ಆದರೆ ನಾವು ಅದನ್ನು ಬಿಸುಡದೆ ಉಕಾರ ಸೇರಿಸಿ ಕಾಪಾಡಿಕೊಂಡೆವು: ಮನಸ್ಸು, ಯಶಸ್ಸು, ತೇಜಸ್ಸು. ಒಂದೇ ತೊಡಕಿಗೆ ಎರಡು ಭಾಷೆಗಳು ಎರಡು ದಾರಿ ಹಿಡಿದದ್ದು ನನಗೆ ಬಹಳ ಪ್ರಿಯವಾದ ಸಂಗತಿ.

ಉತ್ತರ 2 (ಬೀದರ್‌ನಿಂದ):
ಹಾಗಾದರೆ ‘ನಭೋಮಂಡಲ’ದ ‘ನಭೋ’ ಮತ್ತು ‘ನೆಬೊ’ ಎರಡೂ ಒಂದೇ ಬದಲಾವಣೆಯ ಫಲವಲ್ಲವೇ? ಇನ್ನೊಂದು ಮಾತು: ‘ಮರ’ದಲ್ಲಿ ಕಾಣದ ದಕಾರ ‘ಮರದಿಂದ’ದಲ್ಲಿ ಕಾಣುವಂತೆಯೇ ಈ ಸಕಾರವೂ ವಿಭಕ್ತಿಗಾಗಿ ಬರುತ್ತದೆಯೆಂದು ತೋರುತ್ತದೆ.

ಉತ್ತರ 3 (ಕಲಬುರಗಿಯಿಂದ):
‘ನಭೋ’ ಸಂಸ್ಕೃತದ ವಿಸರ್ಗ ಸಂಧಿ. ಮುಂದೆ ಘೋಷಾಕ್ಷರ (ಗ, ದ, ಮ ಮುಂತಾದ ನಾದವುಳ್ಳ ಅಕ್ಷರ) ಬಂದಾಗ ಮಾತ್ರ ಆಗುವ ಮಾರ್ಪಾಡು. ಹಾಗಾಗಿ ‘ನಭಸ್ತಲ’ದಲ್ಲಿ ಸಕಾರ ಹಾಗೆಯೇ ಇದೆ. ಸ್ಲಾವಿಕ್ ಓಕಾರವಾದರೋ ಮೂಲದಿಂದಲೇ ಬಂದದ್ದು. ಸಂಸ್ಕೃತದಲ್ಲಿ ಹಳೆಯ ಎಕಾರ, ಒಕಾರಗಳೆರಡೂ ಅಕಾರವಾದ ಕಾರಣ ಅಲ್ಲಿ ಕಾಣದ ಒ–ಎ ವ್ಯತ್ಯಾಸವನ್ನು *ನೆಬೊ, *ನೆಬೆಸೆ ಜೋಡಿ ಇಂದಿಗೂ ತೋರಿಸುತ್ತದೆ. ಮರದ ದಕಾರದ ಹೋಲಿಕೆ ಕಲಿಯುವವರಿಗೆ ಉಪಯುಕ್ತ, ಆದರೆ ದಕಾರ ಪದಕ್ಕೆ ಸೇರುವ ಆಗಮ. ಈ ಸಕಾರ ಪದದ ಪ್ರಕೃತಿಯಲ್ಲೇ ಇದೆ.

ಪ್ರಶ್ನೆ ಕೇಳಿದವರು:
ಗಂಟು ಬಿಚ್ಚಿತು, ಧನ್ಯವಾದಗಳು. ಗ್ರೀಕಿನಲ್ಲಿ ‘ನೆಫೊಸ್’ ಎಂದರೆ ಮೋಡ, ಸ್ಲಾವಿಕ್ಕಿನಲ್ಲಿ ಆಕಾಶ. ಈ ಅರ್ಥಭೇದ ಹೇಗಾಯಿತು?

ಉತ್ತರ 4 (ಯಾದಗಿರಿಯಿಂದ):
ನಿಮ್ಮ ಮನೆಯ ಅಂಗಳದಲ್ಲೇ ಅದಕ್ಕೆ ಉದಾಹರಣೆ ಇದೆ. ‘ಮುಗಿಲು’ ಎಂದರೆ ಮೋಡ. ತಮಿಳಿನ ‘ಮುಗಿಲ್’ ಕೂಡ ಮೋಡವೇ. ಆದರೆ ತೊಗರಿ ಬಿತ್ತಲು ಕಾದಿರುವ ನಮ್ಮ ರೈತರು ಮೋಡದ ಒಂದು ತುಣುಕೂ ಇಲ್ಲದ ದಿನ ತಲೆಯೆತ್ತಿ ನೋಡುವುದೂ ‘ಮುಗಿಲಿ’ನ ಕಡೆಗೇ. ಸಂಸ್ಕೃತದ ನಭಸ್ಸಿಗೂ ಮಂಜು, ಮೋಡ, ಆಕಾಶ ಎಂಬ ಅರ್ಥಗಳೆಲ್ಲ ಇವೆ.